ಮುಪ್ಪಿನ ಮೂತ್ರಬಾಧೆಯೂ ಹಾರ್ಮೋನುಗಳೂ

ಐವತ್ತು ದಾಟಿದ ಗಂಡಸರು ರಾತ್ರಿಯಲ್ಲಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದನ್ನು ನಮ್ಮ ಮನೆಗಳಲ್ಲಿ 'ವಯಸ್ಸಾಯಿತು' ಎಂಬ ಒಂದೇ ಮಾತಿನಿಂದ ಮುಗಿಸಿಬಿಡುವುದುಂಟು. ತುಮಕೂರಾಗಲಿ, ಗುಬ್ಬಿಯಾಗಲಿ, ಕುಣಿಗಲಾಗಲಿ, ಹಿರಿಯರು ಇದನ್ನು ಬಾಯಿಬಿಟ್ಟು ಹೇಳಲು ನಾಚುವರು. ಆದರೂ ಇದರ ಕಾರಣವನ್ನು ಗೃಹಸ್ಥರೆಲ್ಲರೂ ಅರಿತಿರುವುದು ಯುಕ್ತವಾಗಿದೆ.

ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು, ಪ್ರಾಸ್ಟೇಟ್ ಎಂಬ ಗ್ರಂಥಿಯಿರುವುದು. ಯೌವನದಲ್ಲಿ ಅದರ ತೂಕ ಸುಮಾರು 20 ಗ್ರಾಂ. ಗಾತ್ರದಲ್ಲಿ ಗುಬ್ಬಿಯ ತೋಟದ ಅಡಿಕೆಕಾಯಿಗಿಂತ ಹೆಚ್ಚೇನೂ ದೊಡ್ಡದಲ್ಲ. ವೃಷಣಗಳಲ್ಲಿ ಹುಟ್ಟುವ ಟೆಸ್ಟೊಸ್ಟಿರೋನ್ ಎಂಬ ಹಾರ್ಮೋನೇ ಇದರ ಬೆಳವಣಿಗೆಗೆ ಆಧಾರ. ಬೀಜ ಒಡೆದ ಎತ್ತಿನಲ್ಲಿ ಈ ಗ್ರಂಥಿಯು ಕುಗ್ಗಿರುವುದನ್ನು ಶಸ್ತ್ರವೈದ್ಯನಾದ ಜಾನ್ ಹಂಟರನು 18ನೆಯ ಶತಮಾನದಲ್ಲಿಯೇ ಕಂಡಿದ್ದನು. ಈ ಹಾರ್ಮೋನನ್ನು ತಡೆದರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರು ತಗ್ಗುವುದೆಂದು 1941ರಲ್ಲಿ ಷಿಕಾಗೋ ನಗರದ ಚಾರ್ಲ್ಸ್ ಹಗಿನ್ಸರು ತೋರಿಸಿ, 1966ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಆ ಚಿಕಿತ್ಸೆ ಇಂದಿಗೂ ನಡೆಯುತ್ತಿದೆ. ಆದರೆ ಅನೇಕರಲ್ಲಿ ರೋಗವು ಕಾಲಾಂತರದಲ್ಲಿ ಮರಳುವುದು.

ಹಾಗಾದರೆ ರಕ್ತದಲ್ಲಿ ಹಾರ್ಮೋನು ಹೆಚ್ಚಿದ್ದವರಿಗೇ ಕ್ಯಾನ್ಸರು ಬರುವುದೋ? ಹಾಗೇನೂ ಇಲ್ಲ. 18 ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಅಂಥ ಸಂಬಂಧವು ಕಾಣಲಿಲ್ಲ. ಇದಕ್ಕೆ ವಿದ್ವಾಂಸರು ಹೇಳುವ ಒಂದು ಕಾರಣವೇನೆಂದರೆ, ನೆಲ ಚೆನ್ನಾಗಿ ತೊಯ್ದ ಮೇಲೆ ಇನ್ನೆಷ್ಟು ನೀರು ಹಾಯಿಸಿದರೂ ಮರವು ಹೆಚ್ಚಾಗಿ ಹೀರದಂತೆ, ಗ್ರಂಥಿಯೂ ಅಲ್ಪ ಪ್ರಮಾಣದಿಂದಲೇ ತೃಪ್ತಿಗೊಳ್ಳುವುದು. ವಯಸ್ಸಾದಂತೆ ರಕ್ತದ ಟೆಸ್ಟೊಸ್ಟಿರೋನ್ ಇಳಿಯುತ್ತಿದ್ದರೂ ಗ್ರಂಥಿಯು ತನ್ನೊಳಗೇ ಅದನ್ನು ಇನ್ನೂ ಪ್ರಬಲವಾದ ರೂಪಕ್ಕೆ ಮಾರ್ಪಡಿಸಿಕೊಳ್ಳುವುದು. ಸಾಮಾನ್ಯವಾದ ಊತಕ್ಕೆ ಕೊಡುವ ಫಿನಾಸ್ಟರೈಡ್ ಎಂಬ ಮಾತ್ರೆಯು ಈ ಮಾರ್ಪಾಟನ್ನೇ ತಡೆಯುವುದು.

ಆದುದರಿಂದ ಹಾರ್ಮೋನನ್ನು ಅಳೆದ ಮಾತ್ರಕ್ಕೆ, ಇದು ಸಾಮಾನ್ಯವಾದ ಊತವೋ ಕ್ಯಾನ್ಸರೋ ಎಂದು ತಿಳಿಯದು. ಊತವು ಕ್ಯಾನ್ಸರಾಗಿ ಮಾರ್ಪಡುವುದಿಲ್ಲ; ಆದರೆ ಎರಡೂ ಒಬ್ಬನಲ್ಲಿಯೇ ಇರಬಹುದು. ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಅಂಕಿಯು ಎರಡರಲ್ಲಿಯೂ ಏರಬಲ್ಲದು. ಅಂಥಲ್ಲಿ ವೈದ್ಯರ ಪರೀಕ್ಷೆ, ಸ್ಕ್ಯಾನ್, ಕೊನೆಗೆ ಗ್ರಂಥಿಯ ಚೂರನ್ನು ತೆಗೆದು ನೋಡುವ ಬಯಾಪ್ಸಿ, ಇವುಗಳಿಂದಲೇ ನಿರ್ಣಯವಾಗಬೇಕು.

ಮೂತ್ರದಲ್ಲಿ ರಕ್ತ ಕಂಡರೆ ತಡಮಾಡಲಾಗದು. ಮೂತ್ರವು ಹಠಾತ್ತಾಗಿ ಕಟ್ಟಿದರೆ ಬೆಳಗಾಗುವವರೆಗೂ ಕಾಯದೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರನ್ನು ಕೇಳದೆ 'ಪುರುಷಶಕ್ತಿ'ಯ ಔಷಧಗಳನ್ನು ಸೇವಿಸಲಾಗದು. ಕ್ಯಾನ್ಸರೆಂದು ನಿಶ್ಚಯವಾದರೆ, 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ತುಮಕೂರಿಗೆ ಕೇವಲ 75 ಕಿಲೋಮೀಟರಿನಷ್ಟು ದೂರದಲ್ಲಿದೆ. ಮನೆಯ ಮಕ್ಕಳೂ ಸೊಸೆಯಂದಿರೂ ಹಿರಿಯರ ಸಂಕೋಚವನ್ನು ಅರಿತು ತಾವಾಗಿಯೇ ವಿಚಾರಿಸಿದರೆ, ಅರ್ಧ ಚಿಕಿತ್ಸೆಯು ಅಲ್ಲಿಯೇ ಆದಂತೆ.