ಅಲ್ಯೂಮಿನಿಯಂ ತಗಡು ಮತ್ತು ಘರ್ಷಣೆಯ ಲೆಕ್ಕ

ಜಯಪುರದ ಅಂಗಡಿಯಲ್ಲಿ ದೊರೆಯುವ ಅಲ್ಯೂಮಿನಿಯಂ ಪಾತ್ರೆಯು ತಗಡಿನಿಂದಾದುದು. ತಗಡಾದರೋ ಸುಮಾರು 300ರಿಂದ 550 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಲೋಹದ ಗಟ್ಟಿಯನ್ನು ಉಕ್ಕಿನ ಉರುಳೆಗಳ ನಡುವೆ ಮತ್ತೆ ಮತ್ತೆ ಹಾಯಿಸುವುದರಿಂದ ದೊರೆಯತಕ್ಕದ್ದು. ಬೆಳಗಾವಿಯ ಕಾರ್ಖಾನೆಯಲ್ಲಿ ಬಾಕ್ಸೈಟಿನಿಂದ ಅಲ್ಯೂಮಿನವು ಸಿದ್ಧವಾಗುತ್ತದೆ. ತಗಡು ಮಾಡುವ ದೊಡ್ಡ ಯಂತ್ರಗಳು ಹಿರಾಕುಡ್, ರೇಣುಕೂಟ ಮೊದಲಾದೆಡೆಗಳಲ್ಲಿವೆ. ಈ ಕಾರ್ಯದಲ್ಲಿ ಘರ್ಷಣೆಯನ್ನು ಲೆಕ್ಕಕ್ಕೆ ತರುವ ಬಗೆಯನ್ನು ಇಲ್ಲಿ ಪರಿಶೀಲಿಸೋಣ.

ಆಲೆಮನೆಯ ಗಾಣವು ಕಬ್ಬಿನ ಜಲ್ಲೆಯನ್ನು ಒಳಗೆಳೆದುಕೊಳ್ಳುವುದು ಘರ್ಷಣೆಯಿಂದಲೇ. ಲೋಹದ ಗಟ್ಟಿಯೂ ಹಾಗೆಯೇ ಒಳಸೇರುತ್ತದೆ. ಪ್ರವೇಶದ ಕಡೆ ಉರುಳೆಯು ಲೋಹಕ್ಕಿಂತ ವೇಗವಾಗಿದ್ದು ಅದನ್ನು ಮುಂದಕ್ಕೆಳೆಯುತ್ತದೆ. ನಿರ್ಗಮನದ ಕಡೆ ತೆಳುವಾದ ಲೋಹವೇ ವೇಗವಾಗಿ ಸಾಗುವುದರಿಂದ ಘರ್ಷಣೆಯು ತಡೆಯಾಗಿ ಪರಿಣಮಿಸುತ್ತದೆ. ಘರ್ಷಣೆ ಸಾಲದಿದ್ದರೆ ಗಟ್ಟಿ ಜಾರುವುದು. ಮಿತಿಮೀರಿದರೆ ಮೆತ್ತಗಿನ ಲೋಹವು ಉರುಳೆಗೆ ಅಂಟಿ ತಗಡಿನ ಮೈ ಕೆಡುವುದು. ಆದಕಾರಣ ನೀರಿನಲ್ಲಿ ಎಣ್ಣೆಯನ್ನು ಬೆರೆಸಿದ ದ್ರವವನ್ನು ಉರುಳೆಗಳಿಗೆ ಹಾಯಿಸುತ್ತಾರೆ.

ಘರ್ಷಣೆಯ ಬಲವು ಒತ್ತುವ ಬಲದ ಒಂದು ನಿಶ್ಚಿತ ಅಂಶವೆಂಬ ನಿಯಮವನ್ನು 1699ರಲ್ಲಿ ಅಮೊಂಟನ್ಸನೂ 1785ರಲ್ಲಿ ಕೂಲಂಬನೂ ನಿರೂಪಿಸಿದರು. ಆ ಅಂಶವೇ ಘರ್ಷಣಾಂಕ. 1925ರಲ್ಲಿ ಕಾರ್ಮಾನನು ಉರುಳೆಯ ಸಿದ್ಧಾಂತದಲ್ಲಿ ಇದನ್ನೇ ಬಳಸಿದನು. ಆದರೆ ಕಾದ ಲೋಹಕ್ಕೆ ಇದು ಪೂರ್ತಿ ಒಪ್ಪುವುದಿಲ್ಲ. ಘರ್ಷಣೆಯು ಲೋಹದ ಪದರಗಳು ಒಂದರ ಮೇಲೊಂದು ಜಾರದಂತೆ ಹಿಡಿದಿರುವ ಬಲವನ್ನು ಮೀರಲಾರದು. ಆ ಮಿತಿ ಮುಟ್ಟಿದೊಡನೆ ಮೇಲ್ಮೈಯು ಉರುಳೆಗೆ ಅಂಟಿ ನಿಂತು, ಒಳಗಿನ ಲೋಹವೇ ಜಾರತೊಡಗುತ್ತದೆ. ಒತ್ತಡವು ಲೋಹವು ಮಣಿಯುವ ಬಲಕ್ಕೆ ಸಮನಾಗಿದ್ದಲ್ಲಿ, ಘರ್ಷಣಾಂಕವು ಸುಮಾರು 0.577ನ್ನು ದಾಟದು. ಅಂಟಿಕೊಳ್ಳುವ ಈ ಸ್ಥಿತಿಯನ್ನು 1943ರಲ್ಲಿ ಒರೊವಾನನು ತನ್ನ ಲೆಕ್ಕದಲ್ಲಿ ಸೇರಿಸಿದನು. ಲೋಹದ ಆ ಆಂತರಿಕ ಬಲದ ಎಷ್ಟು ಅಂಶವು ಘರ್ಷಣೆಯಾಗಿದೆಯೆಂದು 0ಯಿಂದ 1ರವರೆಗಿನ ಸಂಖ್ಯೆಯಲ್ಲಿ ಸೂಚಿಸುವ ಮತ್ತೊಂದು ಪದ್ಧತಿಯೂ ರೂಢಿಯಲ್ಲಿದೆ.

ಇತಿಹಾಸದ ವ್ಯಾಸಂಗ ಮಾಡುವ ನಮಗೆ ಇಲ್ಲಿ ಗಮನಾರ್ಹವಾದ ಸಂಗತಿಯೊಂದಿದೆ. ಯಂತ್ರದಲ್ಲಿ ಸಾಮಾನ್ಯವಾಗಿ ಅಳೆಯುವುದು ಉರುಳೆಯ ಮೇಲಿನ ಬಲವನ್ನು; ಘರ್ಷಣಾಂಕವನ್ನು ಅದರಿಂದ, ಯಾವುದಾದರೊಂದು ಸೂತ್ರದ ಮೂಲಕ, ಹಿಂದಕ್ಕೆ ಗಣಿಸಿ ಪಡೆಯುತ್ತಾರೆ. ತೇದಿಯಿಲ್ಲದ ಶಾಸನದ ಕಾಲವನ್ನು ಲಿಪಿಯಿಂದ ನಿರ್ಣಯಿಸುವಾಗ ಆ ನಿರ್ಣಯವು ನಮ್ಮ ಲಿಪಿಶಾಸ್ತ್ರವನ್ನೇ ಆಶ್ರಯಿಸಿರುವಂತೆ, ಈ ಸಂಖ್ಯೆಯೂ ತನ್ನ ಸೂತ್ರವನ್ನು ಆಶ್ರಯಿಸಿದೆ. ಲೋಹದ ಬಲವನ್ನು ತಪ್ಪಾಗಿ ಗ್ರಹಿಸಿದ್ದರೆ ಆ ತಪ್ಪು ಘರ್ಷಣೆಯ ವೇಷ ತೊಟ್ಟು ಲೆಕ್ಕದಲ್ಲಿ ಉಳಿಯುವುದು. ಆದುದರಿಂದ ಒಂದು ಸೂತ್ರದಿಂದ ಬಂದ ಘರ್ಷಣಾಂಕವನ್ನು ಇನ್ನೊಂದರಲ್ಲಿ ವಿಚಾರವಿಲ್ಲದೆ ಇಡಬಾರದು. ಸಂಖ್ಯೆಯನ್ನು ಉಲ್ಲೇಖಿಸುವವರು ಅದು ಹುಟ್ಟಿದ ಸೂತ್ರ, ಉಷ್ಣತೆ ಮತ್ತು ಲೇಪದ್ರವಗಳನ್ನೂ ಜೊತೆಗೆ ತಿಳಿಸುವುದು ಅವಶ್ಯಕ.