ತೊಡಕಿನ ಸಾರಿಗೆ ಎಷ್ಟು ಕಾಯಿ?

ತೆಂಗಿನ ಸೀಮೆಯವರು ಬಾಡಿನ ಸಾರಿಗೆ ಧಾರಾಳವಾಗಿ ಕಾಯಿ ಸುರಿಯುತ್ತಾರೆ ಎಂದುಕೊಂಡವರೇ ಹೆಚ್ಚು. ನಮ್ಮ ಬಿಳಿಗೆರೆಯಲ್ಲಿ ಕೈರುಚಿ ಇರುವವರು ಹಾಗೆ ಮಾಡುವುದಿಲ್ಲ. ಒಂದು ಕೆಜಿ ಬಾಡಿಗೆ ಅರ್ಧ ಹೋಳು, ಅದೂ ಕಟ್ಟಕಡೆಗೆ. ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಕಳಿಸುವ ಊರಿನಲ್ಲಿ ಕಾಯಿಗೇನು ಬರವೇ? ಈ ಅಳತೆ ರುಚಿಗಾಗಿ.

ಯುಗಾದಿಯ ದಿನ ಬೇವುಬೆಲ್ಲ, ಒಬ್ಬಟ್ಟು, ಬೇಳೆಕಟ್ಟಿನ ಸಾರು. ಮಾರನೆಯ ದಿನ ವರ್ಷದ ತೊಡಕು, ಬಾಡಿನೂಟ. ಬಾಡು ಮುಟ್ಟದ ಮನೆಗಳೂ ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಅಲ್ಲಿ ಒಬ್ಬಟ್ಟಿನ ಸಾರೇ ಎರಡನೆಯ ದಿನ ಇನ್ನಷ್ಟು ರುಚಿಗಟ್ಟುತ್ತದೆ.

ಅಂಗಡಿಯದಕ್ಕಿಂತ ಗುಡ್ಡೆ ಬಾಡೇ ನನಗೆ ಇಷ್ಟ. ಹತ್ತಾರು ಮನೆಯವರು ಸೇರಿ ಕುರಿ, ಮೇಕೆ ತರುತ್ತಾರೆ. ಇದಕ್ಕೆಂದೇ ವರ್ಷವಿಡೀ ಚೀಟಿ ಕಟ್ಟುವವರೂ ಇದ್ದಾರೆ. ಬೆಳಗಿನ ಜಾವಕ್ಕೇ ಕೊಯ್ದು, ತೊಡೆ, ಪಕ್ಕೆ, ಮೂಳೆ, ಕೊಬ್ಬು ಎಲ್ಲವನ್ನೂ ಬೆರೆಸಿ ಸಮನಾಗಿ ಗುಡ್ಡೆ ಹಾಕುತ್ತಾರೆ. ಯಾರ ಪಾಲಿಗೂ ಬರೀ ಮೆತ್ತನೆಯ ತುಂಡು ಬರುವುದಿಲ್ಲ. ಸಾರಿಗೆ ಬೇಕಾದದ್ದೂ ಅದೇ. ಮೂಳೆ ಬೇಯದ ಸಾರಿಗೆ ಸತ್ವ ಎಲ್ಲಿಂದ ಬರಬೇಕು?

ಪಾತ್ರೆಯಲ್ಲಿ ಎಣ್ಣೆ, ಈರುಳ್ಳಿ, ಅರಿಶಿನ, ಉಪ್ಪಿನ ಜೊತೆ ಬಾಡು ಹುರಿದರೆ ಅದು ತಾನೇ ನೀರು ಬಿಡುತ್ತದೆ. ಆ ನೀರು ಇಂಗಿದ ಮೇಲೆ ಬಿಸಿನೀರು ಹಾಕಬೇಕು. ಒಲೆಗೆ ಮೊದಲು ಚಿಪ್ಪು, ಉರಿ ಹತ್ತಿದ ಮೇಲೆ ಎಡಮಟ್ಟೆ. ಕುಕ್ಕರಿನಲ್ಲಿ ಬಾಡು ಬೇಗ ಬೇಯುತ್ತದೆ, ನಿಜ. ಸಾರು ಮಾತ್ರ ಹೊತ್ತು ಹಿಡಿದು ಕುದಿಯಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಖಾರವನ್ನು ಎರಡು ಸಲ ಅರೆಯುತ್ತೇವೆ. ಹುರಿದ ಧನಿಯ, ಬ್ಯಾಡಗಿ, ಗುಂಟೂರು ಮೆಣಸಿನಕಾಯಿ, ಚಕ್ಕೆ, ಲವಂಗ, ಮೆಣಸು, ಶುಂಠಿ, ಬೆಳ್ಳುಳ್ಳಿ, ಸುಟ್ಟ ಈರುಳ್ಳಿ ಮೊದಲ ಸಲಕ್ಕೆ. ಇದು ಬಾಡಿನ ಜೊತೆಗೇ ಬೇಯಬೇಕು. ಕಾಯಿ, ಎರಡು ಚಮಚ ಹುರಿಗಡಲೆ, ಒಂದು ಚಮಚ ಗಸಗಸೆ ನುಣ್ಣಗೆ ಅರೆದದ್ದು ಬಾಡು ಬೆಂದ ಮೇಲೆ. "ಕಾಯಿ ಬಿದ್ಮೇಲೆ ಎರಡು ಕುದಿ ಬಂದ್ರೆ ಸಾಕು ಕಣವ್ವ, ಇಳಿಸ್ಬಿಡು" ಎಂದು ನಮ್ಮತ್ತೆ ಪಕ್ಕದಲ್ಲೇ ನಿಂತು ಹೇಳುತ್ತಿದ್ದರು. ಕಾಯಿ ಹೆಚ್ಚು ಕುದಿದರೆ ಒಡೆದು ಎಣ್ಣೆ ಬಿಡುತ್ತದೆ. ಬಾಡಿನ ಕೊಬ್ಬು ಮೊದಲೇ ಮೇಲೆ ತೇಲುತ್ತಿರುತ್ತದೆ. ಎರಡೂ ಸೇರಿದರೆ ನಾಲಗೆಗೆ ಜಿಡ್ಡು ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ.

ಕಾಯಿ ಬಲಿತಿರಬೇಕು, ಆದರೆ ಕೊಬ್ಬರಿಯಾಗಿರಬಾರದು. ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿದ್ದು ಒಳಗಿನ ನೀರು ಆರಿದ ಉಂಡೆ ಕೊಬ್ಬರಿಯಲ್ಲಿ ಎಣ್ಣೆ ವಿಪರೀತ. ಅದು ಚಟ್ನಿಪುಡಿಗೆ, ಮಿಠಾಯಿಗೆ ಸರಿ.

ಸಾರನ್ನು ಮಂದ ಮಾಡುವುದು ಹುರಿಗಡಲೆಯ ಕೆಲಸ. ಅದರ ಹಿಟ್ಟಿನಂಶ ಬಿಸಿ ರಸದಲ್ಲಿ ಉಬ್ಬಿ, ನೀರೂ ಜಿಡ್ಡೂ ಬೇರೆಯಾಗದಂತೆ ಹಿಡಿಯುತ್ತದೆ. ಇಂಡೋನೇಷ್ಯ ಮತ್ತು ನಮ್ಮ ದೇಶದ ಜೊತೆ ತೆಂಗಿನ ಬೆಳೆಗೆ ಹೆಸರಾದ ಫಿಲಿಪ್ಪೀನ್ಸ್‌ನಲ್ಲಿ ಹಬ್ಬ, ಔತಣಗಳಿಗೆ ಕರೆ-ಕರೆ ಎಂಬ ಬಾಡಿನ ಸಾರು ಮಾಡುತ್ತಾರೆ. ಎತ್ತಿನ ಬಾಲವನ್ನು ಗಂಟೆಗಟ್ಟಲೆ ಬೇಯಿಸಿ, ಬದನೆಕಾಯಿ, ಬಾಳೆಹೂವು ಸೇರಿಸಿ, ಕಡಲೆಕಾಯಿ ಬೀಜ ಮತ್ತು ಹುರಿದ ಅಕ್ಕಿಯ ಪುಡಿಯಿಂದ ಮಂದ ಮಾಡುತ್ತಾರೆ. ನೆಂಚಿಕೊಳ್ಳಲು ಉಪ್ಪು ಹಾಕಿ ಹುಳಿಸಿದ ಸಿಗಡಿ. ಕಾಯಿಹಾಲಿನ ಅಡುಗೆಗಳು ಅವರಲ್ಲಿ ಬೇಕಾದಷ್ಟಿದ್ದರೂ ಈ ಸಾರಿಗೆ ಅದನ್ನು ಸಾಮಾನ್ಯವಾಗಿ ಹಾಕುವುದಿಲ್ಲ. ತೆಂಗು ಬೆಳೆಯುವ ಆ ಜನವೂ ಕಾಯಿಯನ್ನು ಎಲ್ಲಿ ಬಿಡಬೇಕೆಂದು ಬಲ್ಲರು ಎನ್ನುವುದು ನನಗೆ ಬಹಳ ಹಿಡಿಸಿತು.

ಮುದ್ದೆಗೆ ಸಾರು ತುಸು ತೆಳ್ಳಗಿರಬೇಕು, ಮುರಿದ ತುತ್ತು ಅದ್ದಿದರೆ ಸಲೀಸಾಗಿ ನುಂಗುವ ಹಾಗೆ. ಮಕ್ಕಳಿಗೆ ನಲ್ಲಿ ಮೂಳೆ. ಉಳಿದ ಸಾರನ್ನು ಮರುದಿನ ಇಡ್ಲಿಗೆ ಬಿಸಿ ಮಾಡುವಾಗ ಗಟ್ಟಿಯಾಗಿದ್ದರೆ ಬಿಸಿನೀರು ಬೆರೆಸಿ. ಮತ್ತೆ ಕಾಯಿ ಹಾಕಬೇಡಿ.