ಕನ್ನಡದ ಜಾಲತಾಣಕ್ಕೆ ಕನ್ನಡದಲ್ಲೇ ಪರೀಕ್ಷೆ

ಹೊಸದಾಗಿ ಕಟ್ಟಿದ ಕನ್ನಡ ಜಾಲತಾಣದ ಹುಡುಕುವ ಜಾಗದಲ್ಲಿ ‘ರಾಜ್‌ಕುಮಾರ್’ ಎಂದು ಟೈಪ್ ಮಾಡಿ ನೋಡಿ. ಆ ಹೆಸರಿನ ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಸಂಕೇತ ಕೂತಿರುತ್ತದೆ. ‘ಕ’ ಕೆಳಗಿಳಿದು ಒತ್ತಕ್ಷರವಾಗದಂತೆ ತಡೆಯುವುದು ಅದರ ಕೆಲಸ. ಬಳಕೆದಾರರು ತುಂಬಿದ ಮಾಹಿತಿಯನ್ನು ಶುದ್ಧಗೊಳಿಸುವ ಕೋಡ್ ಅದನ್ನು ಕಸವೆಂದು ಕಿತ್ತುಹಾಕಿದರೆ ಪರದೆಯ ಮೇಲೆ ‘ರಾಜ್ಕುಮಾರ್’ ಮೂಡುತ್ತದೆ. ಹಾಗೇ ಉಳಿಸಿಕೊಂಡರೆ, ಆ ಸಂಕೇತವಿಲ್ಲದೆ ಟೈಪ್ ಮಾಡಿದವರಿಗೆ ‘ಏನೂ ಸಿಗಲಿಲ್ಲ’ ಎಂಬ ಉತ್ತರ ಬರಬಹುದು. ಇಂಗ್ಲಿಷಿನಲ್ಲಿ ಎಷ್ಟು ಸಲ ಪರೀಕ್ಷಿಸಿದರೂ ಈ ದೋಷ ಕಣ್ಣಿಗೆ ಬೀಳದು.

ಜಾಲತಾಣವನ್ನು ಇಂಗ್ಲಿಷ್ ಪಠ್ಯ ಇಟ್ಟುಕೊಂಡು ಕಟ್ಟಿ, ಇಂಗ್ಲಿಷಿನಲ್ಲೇ ಪರೀಕ್ಷಿಸಿ, ಕೊನೆಗಳಿಗೆಯಲ್ಲಿ ಕನ್ನಡ ಸುರಿದರೆ ಹೀಗೇ ಆಗುತ್ತದೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಸ, ವಿರಾಮ, ತ, ವಿರಾಮ, ರ, ಈ-ಸ್ವರಚಿಹ್ನೆ ಎಂಬ 6 ಸಂಕೇತಗಳ ಸರಪಣಿ. ಜಾಲತಾಣಗಳು ಸಾಮಾನ್ಯವಾಗಿ ಬಳಸುವ ಯುಟಿಎಫ್-8 ವಿಧಾನದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು. ಅಲ್ಲಿಗೆ ‘ಸ್ತ್ರೀ’ಗೆ 18 ಬೈಟ್. ಅರ್ಜಿಯ ಹೆಸರಿನ ಅಂಕಣಕ್ಕೆ 30 ಬೈಟ್ ಮಿತಿ ಇಟ್ಟರೆ ಅದರಲ್ಲಿ ಕನ್ನಡದ 10 ಸಂಕೇತಗಳಷ್ಟೇ ಹಿಡಿಯುತ್ತವೆ. ಮಿಕ್ಕ ಹೆಸರು ಅಕ್ಷರದ ನಡುವೆಯೇ ಕತ್ತರಿಸಿ ಹೋಗಬಹುದು.

ನೋಟದಲ್ಲೂ ಅಷ್ಟೇ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಎತ್ತರ ‘ರಾಷ್ಟ್ರ’ದ ಎರಡು ಒತ್ತುಗಳಿಗೆ ಸಾಲದು, ಬಟನ್ ಮೇಲೆ ಬರೆದಾಗ ಕೆಳಗಿನ ಅರ್ಧ ಕತ್ತರಿಸಿರುತ್ತದೆ. ‘ಕೋ’ದಲ್ಲಿನ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಬಿಡಿಬಿಡಿ ತುಂಡುಗಳಾಗಿಯೂ ದಾಖಲಿಸಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಉಳಿಸುವಾಗಲೂ ಹುಡುಕುವಾಗಲೂ ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳದ ತಾಣದಲ್ಲಿ ‘ಕೋಲಾರ’ ಕಣ್ಣೆದುರೇ ಇದ್ದೂ ಸಿಗದೆ ಹೋಗಬಹುದು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಿಂದ ಯೂನಿಕೋಡ್‌ಗೆ ಬದಲಿಸಿದ ಪುಟಗಳಲ್ಲಿ ಅರ್ಕಾವತ್ತಿನ ಮೇಲೆ ವಿಶೇಷ ಕಣ್ಣಿಡಬೇಕು. ಹಳೆಯ ಕಡತದಲ್ಲಿ ಅದು ವ್ಯಂಜನದ ನಂತರ ಬರುತ್ತಿತ್ತು, ಯೂನಿಕೋಡ್‌ನಲ್ಲಿ ಮೊದಲೇ ಬರಬೇಕು. ಪರಿವರ್ತಕ ಎಡವುವುದು ಇಲ್ಲೇ. ಇದನ್ನು ಹಿಡಿಯಲು ಕನ್ನಡ ಓದುವವರು ಪುಟ ಪುಟವನ್ನೂ ಓದಲೇಬೇಕು.

ಹಾಗೆಂದು ನೂರಾರು ಜನ ಬೇಕಾಗಿಲ್ಲ. ಒಂದು ಸುತ್ತಿನ ಪರೀಕ್ಷೆಗೆ ಐವರು ಬಳಕೆದಾರರು ಸಾಕು ಎಂದು ಬಳಕೆಯೋಗ್ಯತೆಯ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದರು. ಅಷ್ಟರಲ್ಲೇ ಬಹುಪಾಲು ತೊಡಕುಗಳು ಬಯಲಾಗುತ್ತವೆ. ಅವನ್ನು ಸರಿಪಡಿಸಿ ಮತ್ತೆ ಪರೀಕ್ಷಿಸುವುದು ಲೇಸು ಎಂಬುದು ಅವರ ವಾದ. ನನ್ನ ಪ್ರಕಾರ ಆ ಐವರಲ್ಲಿ ಒಬ್ಬರು ಅಗ್ಗದ ಫೋನಿನವರಿರಲಿ, ಒಬ್ಬರು ಪರದೆ ಓದುವ ತಂತ್ರಾಂಶ ಬಳಸುವ ದೃಷ್ಟಿವಿಕಲರಿರಲಿ. ಉಚಿತವಾಗಿ ಸಿಗುವ ಅಂಥ ತಂತ್ರಾಂಶ ಎನ್‌ವಿಡಿಎ ಕನ್ನಡವನ್ನೂ ಓದುತ್ತದೆ. ಅರ್ಜಿ ನಮೂನೆಯನ್ನು ಅವರ ಮುಂದಿಟ್ಟು, ‘ಅಲ್ಲಿ ಒತ್ತಿ, ಇಲ್ಲಿ ಒತ್ತಿ’ ಎನ್ನದೆ ಸುಮ್ಮನೆ ಕೂತು ನೋಡಿ. ಅವರ ಬೆರಳು ಎಲ್ಲಿ ತಡವರಿಸುತ್ತದೋ ಅಲ್ಲಿ ಕೆಲಸ ಬಾಕಿ ಇದೆ.

ಪರೀಕ್ಷೆಗೆ ದಿನ ಕೊಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಹೆಲ್ತ್‌ಕೇರ್ ಡಾಟ್ ಗವ್ ಸಾಕ್ಷಿ. 36 ರಾಜ್ಯಗಳ ಜನ ಆರೋಗ್ಯ ವಿಮೆ ಕೊಳ್ಳಲೆಂದು 2013ರ ಅಕ್ಟೋಬರ್ 1ರಂದು ತೆರೆದ ಆ ತಾಣದಲ್ಲಿ ಮೊದಲ ದಿನ ನೋಂದಣಿ ಮುಗಿಸಲು ಸಾಧ್ಯವಾದದ್ದು 6 ಮಂದಿಗೆ. ಮೊದಲಿಂದ ಕೊನೆಯವರೆಗಿನ ಪೂರ್ಣ ಪರೀಕ್ಷೆ ನಡೆದದ್ದು ಕೊನೆಯ ಎರಡು ವಾರಗಳಲ್ಲಿ ಮಾತ್ರ ಎಂದು ಗುತ್ತಿಗೆದಾರರೇ ಅಮೆರಿಕ ಸಂಸತ್ತಿನ ಸಮಿತಿಯೆದುರು ಹೇಳಿದರು.

ಇನ್ನು ಪ್ರಕಟಣೆ. ಡೊಮೈನ್ ಹೆಸರನ್ನು ಹೊಸ ಸರ್ವರ್‌ನತ್ತ ತಿರುಗಿಸಿದ ಮೇಲೂ ಕೆಲವರಿಗೆ ಗಂಟೆಗಟ್ಟಲೆ ಹಳೆಯ ತಾಣವೇ ಕಾಣುತ್ತಿರುತ್ತದೆ. ಹಾಗಾಗಿ ಹಳೆಯದನ್ನು ಕೂಡಲೇ ಮುಚ್ಚಬೇಡಿ, ಬ್ಯಾಕಪ್ ಇಲ್ಲದೆ ಮುಂದುವರಿಯಲೂಬೇಡಿ. ಹಳೆಯ ಕೊಂಡಿಗಳು ಹೊಸ ಪುಟಗಳಿಗೆ ತಲುಪುವಂತಿರಬೇಕು. ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕ ಇಲ್ಲದ ತಾಣಗಳಿಗೆ ಕ್ರೋಮ್ ಬ್ರೌಸರ್ 2018ರ ಜುಲೈನಿಂದ ‘ಸುರಕ್ಷಿತವಲ್ಲ’ ಎಂಬ ಹಣೆಪಟ್ಟಿ ಹಚ್ಚುತ್ತಿದೆ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಉಚಿತವಾಗಿ ಕೊಡುವಾಗ ಅದಿಲ್ಲದಿರಲು ಕಾರಣವೇ ಇಲ್ಲ. ಪರೀಕ್ಷೆಯ ಹಂತದಲ್ಲಿ ಗೂಗಲ್‌ಗೆ ‘ಒಳಗೆ ಬರಬೇಡ’ ಎಂದು ಹಾಕಿದ್ದ ತಡೆಯನ್ನು ತೆಗೆಯಲು ಮರೆತರೆ, ತಿಂಗಳು ಕಳೆದರೂ ತಾಣ ಯಾರ ಹುಡುಕಾಟಕ್ಕೂ ಸಿಗುವುದಿಲ್ಲ.

ಜಾಲತಾಣ ಮಾಡಿಸುವ ಇಲಾಖೆ, ಸಂಘ, ವಿಶ್ವವಿದ್ಯಾಲಯಗಳಲ್ಲಿ ಒಂದು ಕೋರಿಕೆ: ಟೆಂಡರ್ ಬರೆಯುವಾಗಲೇ ಕನ್ನಡ ಪರೀಕ್ಷೆಗೆಂದು ಬೇರೆ ದಿನ, ಬೇರೆ ಹಣ ತೆಗೆದಿಡಿ. ಕನ್ನಡದಲ್ಲಿ ಒಂದು ಅರ್ಜಿಯನ್ನು ಪೂರ್ತಿ ತುಂಬಿ ಕಳಿಸಿ, ಅದು ಅತ್ತ ಕಡೆ ಸರಿಯಾಗಿ ತಲುಪಿದ್ದನ್ನು ನೋಡುವವರೆಗೆ ಉದ್ಘಾಟನೆಯ ದಿನ ಗೊತ್ತುಮಾಡಬೇಡಿ.